ನಮ್ಮ ಕರಾವಳಿಯಲ್ಲಿ ಯುದ್ಧಗಳು ಹುಟ್ಟಿದ ಬಗೆ

ಯುದ್ಧವು ಜನಾಂಗಗಳ ದ್ವೇಷದಿಂದ ಹುಟ್ಟುತ್ತದೆಂದು ಅನೇಕರು ಹೇಳುವದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದನ್ನು ತಿಳಿಯಲಿಕ್ಕೆ ನಾವು ದೂರದೇಶಕ್ಕೆ ಹೋಗಬೇಕಾಗಿಲ್ಲ. ಧಾರೇಶ್ವರದ ಸಮುದ್ರದಂಡೆಯಲ್ಲಿ ನಿಂತರೆ ದಕ್ಷಿಣಕ್ಕೆ ಶರಾವತಿಯ ಮುಖದಲ್ಲಿ ಹೊನ್ನಾವರ, ಅದರಾಚೆ ಭಟಕಳ. ಉತ್ತರಕ್ಕೆ ಅಘನಾಶಿನಿಯ ಸಮೀಪ ಮಿರ್ಜಾನದ ಕೋಟೆ. ಹದಿನಾರನೆಯ ಶತಮಾನದಲ್ಲಿ ಈ ದಂಡೆಯು ಹಲವು ಸಾರಿ ಬೆಂಕಿಗೆ ತುತ್ತಾಯಿತು. ಆದರೆ ಇಲ್ಲಿಯ ಒಕ್ಕಲಿಗನಿಗೂ ಮೀನುಗಾರನಿಗೂ ಪೋರ್ತುಗಲ್ ದೇಶದವರ ಮೇಲೆ ಹಳೆಯ ವೈರವೇನೂ ಇರಲಿಲ್ಲ. ಅವರು ಬರುವ ತನಕ ಅವರ ಹೆಸರನ್ನೇ ಕೇಳಿರಲಿಲ್ಲ.

ಹಾಗಾದರೆ ಕಲಹವು ಯಾವದಕ್ಕಾಗಿ? ಮೆಣಸಿಗಾಗಿ ಮತ್ತು ಕುದುರೆಗಾಗಿ. ಘಟ್ಟದ ಮೆಣಸು ಗೇರಸೊಪ್ಪೆಗೆ ಇಳಿದು, ಹೊಳೆಯ ಮಾರ್ಗವಾಗಿ ಹೊನ್ನಾವರಕ್ಕೆ ಬರುತ್ತಿತ್ತು. ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿ ಎಂದೇ ಕರೆದರು. ವಿಜಯನಗರದ ದಂಡಿಗೆ ಬೇಕಾದ ಅರಬ್ಬೀ ಕುದುರೆಗಳು ಈ ರೇವುಗಳಲ್ಲಿಯೇ ಇಳಿಯುತ್ತಿದ್ದವು. ಆ ಕುದುರೆಯು ಗದ್ದೆಯನ್ನು ಉಳುವದಿಲ್ಲ, ಹೇರನ್ನೂ ಹೊರುವದಿಲ್ಲ. ಅದು ರಾಜ್ಯಾಧಿಕಾರದ ತೋಳು. ಅದು ಯಾರ ಲಾಯಕ್ಕೆ ಹೋಗುವದೋ ಅವರ ಕೈ ಮೇಲಾಗುತ್ತಿತ್ತು.

ಪೋರ್ತುಗೀಸರು ಸಮುದ್ರದ ಮೇಲೆಯೇ ರಹದಾರಿಯನ್ನು ನೇಮಿಸಿ, ಅದಿಲ್ಲದ ಹಡಗುಗಳನ್ನು ಹಿಡಿದರು. 1505ರಲ್ಲಿ ಅಲ್ಮೇಡನು ಹೊನ್ನಾವರದಲ್ಲಿದ್ದ ಹಡಗುಗಳನ್ನು ಸುಟ್ಟನು. ಕಪ್ಪವು ಸಲ್ಲಲಿಲ್ಲವೆಂದು 1542ರಲ್ಲಿ ಭಟಕಳವನ್ನು ಕೊಳ್ಳೆಹೊಡೆದು ಸುಟ್ಟರು. 1569ರಲ್ಲಿ ಹೊನ್ನಾವರದ ಕೋಟೆಯೂ ಅವರ ವಶವಾಯಿತು.

ದ್ವೇಷವೇ ಮೂಲವಾಗಿದ್ದರೆ, ಹೊನ್ನಾವರದ ನಾವಿಕನಾಯಕ ತಿಮ್ಮೋಜನು 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕನಿಗೆ ಯಾಕೆ ನೆರವಾದನು? ಭಟಕಳವು ಉರಿದು ಐದೇ ವರುಷಗಳಾದ ಮೇಲೆ, 1547ರಲ್ಲಿ, ವಿಜಯನಗರವು ಅದೇ ಪೋರ್ತುಗೀಸರ ಸಂಗಡ ಒಪ್ಪಂದಮಾಡಿಕೊಂಡಿತು. ಗೋವೆಗೆ ಬಂದ ಕುದುರೆಗಳು ತನಗೇ ಸಿಕ್ಕಬೇಕು, ಬಿಜಾಪುರಕ್ಕೆ ಹೋಗಬಾರದೆಂಬದು ಅದರಲ್ಲಿ ಮುಖ್ಯ. ಭಟಕಳದಲ್ಲಿ ಮನೆಮಾರು ಕಳಕೊಂಡವರನ್ನು ಆಗ ಯಾರು ಕೇಳಿದರು?

ಅಧಿಕಾರವೇ ಇಲ್ಲದಿದ್ದರೆ ಶಾಂತಿ ಇರುವದೆಂದು ನಾವು ಹೇಳುವವರಲ್ಲ. ಕಾಯುವವರಿಲ್ಲದ ಕಡಲಿನಲ್ಲಿ ಕಳ್ಳರೇ ದೊರೆಗಳು. ಆದರೆ ಅಧಿಕಾರವು ನಡೆಯುವ ಬಗೆಯನ್ನು ನೋಡಿರಿ: ಕೋಟೆಗೆ ಆಳು ಬೇಕು, ಆಳಿಗೆ ಸಂಬಳ ಬೇಕು, ಸಂಬಳಕ್ಕೆ ಸುಂಕ ಬೇಕು, ಸುಂಕದ ರೇವನ್ನು ಕಾಯಲಿಕ್ಕೆ ಮತ್ತೊಂದು ಕೋಟೆ ಬೇಕು. ವಿಜಯನಗರದ ಅರಸರು ನಾಯಕರಿಗೆ ಸೀಮೆಗಳನ್ನು ಕೊಟ್ಟದ್ದು ಇಷ್ಟು ದಂಡನ್ನು ಸಾಕಬೇಕೆಂಬ ಕರಾರಿನ ಮೇಲೆಯೇ. 1565ರಲ್ಲಿ ಆ ದೊಡ್ಡ ಅರಸುತನವು ಮುರಿದಾಗ ದಂಡುಗಳು ಕರಗಿಹೋಗಲಿಲ್ಲ. ಅವುಗಳ ಹೊಟ್ಟೆಯೂ ಹಾಗೆಯೇ ಉಳಿಯಿತು. ನಾಯಕನಿಗೆ ನೆರೆಯವನ ಮೆಣಸಿನ ಹೊರತು ಬೇರೆ ದಾರಿ ಕಾಣಲಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಗೇರಸೊಪ್ಪೆಯನ್ನು ನುಂಗಿದನು. ಗೆದ್ದವರೂ ಸೋತವರೂ ಒಂದೇ ಕನ್ನಡವನ್ನು ಆಡುವವರಾಗಿದ್ದರೆಂಬದನ್ನು ವಾಚಕರು ಗಮನಿಸತಕ್ಕದ್ದು.

1623ರಲ್ಲಿ ಪೋರ್ತುಗೀಸರ ರಾಯಭಾರಿಯೊಬ್ಬನು ಆ ವೆಂಕಟಪ್ಪ ನಾಯಕನ ಬಳಿಗೆ ಇಕ್ಕೇರಿಗೆ ಹೊರಟನು. ಅವನ ಸಂಗಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನಿದ್ದನು. ಹೊನ್ನಾವರದಿಂದ ಹೊಳೆಯ ಮೇಲೆ ಗೇರಸೊಪ್ಪೆಗೆ ಬಂದು ಆತನು ಕಂಡದ್ದು ಪಾಳುಬಿದ್ದ ಪಟ್ಟಣ, ಮರಗಳು ಬೆಳೆದು ಮುಚ್ಚಿದ ಅರಮನೆಯ ನೆಲ. ರಾಯಭಾರಿಯ ಕೆಲಸವೇನೆಂದರೆ ಮೆಣಸಿನ ವ್ಯಾಪಾರ.