ಟ್ಯಾಕೊ ಮಸಾಲೆ: ಪೊಟ್ಟಣದ ಪುಡಿಗೆ ಮನೆಯ ಪರ್ಯಾಯ

ಮೆಕ್ಸಿಕೊ ದೇಶದ ಟ್ಯಾಕೊ ಎಂಬ ಖಾದ್ಯವು ಇಂದು ನಮ್ಮ ನಗರಗಳ ಉಪಾಹಾರ ಗೃಹಗಳಲ್ಲಿಯೂ ದೊರೆಯುತ್ತದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬಂದ ಹಿರಿಯರಿಗಂತೂ ಅದು ಅಪರಿಚಿತವಲ್ಲ. ಮೆಕ್ಕೆಜೋಳದ ತೆಳುವಾದ ರೊಟ್ಟಿಯನ್ನು ಮಡಚಿ, ಅದರೊಳಗೆ ಖಾರದ ಪಲ್ಯವನ್ನು ತುಂಬಿ ತಿನ್ನುವುದೇ ಟ್ಯಾಕೊ. ಅಲ್ಲಿ ಮಾಂಸ ತುಂಬುವುದು ಹೆಚ್ಚಾದರೂ ಕಾಳು, ಅಣಬೆ, ಆಲೂಗಡ್ಡೆಗಳನ್ನು ತುಂಬಿದ ಸಸ್ಯಾಹಾರಿ ಟ್ಯಾಕೊಗಳೂ ರೂಢಿಯಲ್ಲಿವೆ. ಮನೆಯಲ್ಲಿ ಇದನ್ನು ಮಾಡುವವರು ಸಾಮಾನ್ಯವಾಗಿ ಅಂಗಡಿಯಿಂದ ಮಸಾಲೆಯ ಪೊಟ್ಟಣವನ್ನು ತರುತ್ತಾರೆ. ಆರೋಗ್ಯದ ದೃಷ್ಟಿಯಿಂದ ವಿಚಾರ ಮಾಡಬೇಕಾದದ್ದು ಈ ಪೊಟ್ಟಣವನ್ನು ಕುರಿತು.

ಪೊಟ್ಟಣದಲ್ಲಿ ಏನಿರುತ್ತದೆ?

ಪೊಟ್ಟಣದ ಹಿಂಬದಿಯಲ್ಲಿ ಅದರೊಳಗಿನ ಪದಾರ್ಥಗಳ ಪಟ್ಟಿ ಇರುತ್ತದೆ. ಹೆಚ್ಚು ತೂಕದ ಪದಾರ್ಥವನ್ನು ಮೊದಲು, ಕಡಿಮೆ ತೂಕದ್ದನ್ನು ಕೊನೆಗೆ ಬರೆಯಬೇಕೆಂಬುದು ನಿಯಮ. ಅನೇಕ ಪೊಟ್ಟಣಗಳಲ್ಲಿ ಮೆಣಸಿನಕಾಯಿ, ಜೀರಿಗೆಗಳ ಜೊತೆಯಲ್ಲಿಯೇ ಉಪ್ಪು, ಸಕ್ಕರೆ, ಪಿಷ್ಟದ ಪುಡಿಗಳು ಪಟ್ಟಿಯ ಆರಂಭದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಪಿಷ್ಟವು ಪಲ್ಯವನ್ನು ಗಟ್ಟಿಯಾಗಿಸುತ್ತದೆ. ಉಪ್ಪು ಮತ್ತು ಸಕ್ಕರೆಗಳು ಮಸಾಲೆಯ ಕೊರತೆಯನ್ನು ಮರೆಮಾಚುತ್ತವೆ.

ಉಪ್ಪಿನ ಪ್ರಮಾಣವನ್ನು ಪೊಟ್ಟಣದ ಮೇಲೆ ‘ಸೋಡಿಯಂ’ ಎಂದು ಮಿಲಿಗ್ರಾಂಗಳಲ್ಲಿ ನಮೂದಿಸಿರುತ್ತಾರೆ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚಕ್ಕೆ ಮೀರದಂತೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡಿದೆ. ರಕ್ತದೊತ್ತಡದ ರೋಗಿಗಳು ಚಿಕಿತ್ಸಾಲಯಕ್ಕೆ ಬಂದು, ‘ಉಪ್ಪಿನಕಾಯಿ ಬಿಟ್ಟಿದ್ದೇವೆ, ಹಪ್ಪಳ ಬಿಟ್ಟಿದ್ದೇವೆ’ ಎನ್ನುವುದುಂಟು. ಆದರೆ ಪೊಟ್ಟಣಗಳೊಳಗೆ ಅಡಗಿ ಬರುವ ಉಪ್ಪು ಅವರ ಲೆಕ್ಕಕ್ಕೆ ಬಂದಿರುವುದಿಲ್ಲ. ಮಸಾಲೆಯಿಂದ ಉಪ್ಪನ್ನು ಬೇರ್ಪಡಿಸುವುದೇ ಇದಕ್ಕೆ ಸರಳ ಪರಿಹಾರ. ಮನೆಯಲ್ಲಿ ಪುಡಿ ಮಾಡಿಕೊಂಡಾಗ ಮಾತ್ರ ಇದು ಸಾಧ್ಯ.

ಮಸಾಲೆಯ ಮೂಲ

ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯಲ್ಲಿ ಒಣಮೆಣಸಿನಕಾಯಿಯನ್ನು ನೆನೆಸಿ, ಬೆಳ್ಳುಳ್ಳಿಯೊಡನೆ ಅರೆದು ಬಳಸುವುದೇ ವಾಡಿಕೆ. ಪೊಟ್ಟಣದ ಪುಡಿಯು ಅಮೆರಿಕದ ಟೆಕ್ಸಾಸ್ ಸೀಮೆಯ ಅಡುಗೆಗೆ ಸೇರಿದ್ದು. ಅಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವಿಲಿಯಂ ಗೆಬ್‌ಹಾರ್ಟ್ ಎಂಬುವರು 1890ರ ದಶಕದಲ್ಲಿ ಮೆಣಸಿನಕಾಯಿಯ ಮಿಶ್ರಪುಡಿಯನ್ನು ತಯಾರಿಸಿ ಮಾರಾಟಕ್ಕೆ ತಂದವರಲ್ಲಿ ಪ್ರಮುಖರು. ಈ ಪುಡಿಯಲ್ಲಿರುವ ಜೀರಿಗೆಯು ಸ್ಪೇನ್ ದೇಶದವರೊಡನೆ ಮೆಕ್ಸಿಕೊವನ್ನು ಸೇರಿತು. ಮೆಕ್ಸಿಕೊ ಸೀಮೆಯ ಮೆಣಸಿನಕಾಯಿಯು ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು. ಆದುದರಿಂದಲೇ ಚರಕ, ಸುಶ್ರುತ ಸಂಹಿತೆಗಳಲ್ಲಿ ಮೆಣಸಿನಕಾಯಿಯ ಪ್ರಸ್ತಾಪವಿಲ್ಲ. ಅಲ್ಲಿ ಕಟು ರಸಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿಗಳೇ ಆಧಾರ.

ದ್ರವ್ಯಗಳ ಗುಣ

ಜೀರಿಗೆಯು ದೀಪನ ಮತ್ತು ಪಾಚನ ದ್ರವ್ಯ. ಅಗ್ನಿಯನ್ನು ಹೆಚ್ಚಿಸಿ ಹೊಟ್ಟೆಯುಬ್ಬರವನ್ನು ತಗ್ಗಿಸುತ್ತದೆ. ಕಾಳುಗಳ ಅಡುಗೆಗೆ ಇದು ಅತ್ಯಗತ್ಯ. ಬೆಳ್ಳುಳ್ಳಿಯಲ್ಲಿ ಆಮ್ಲವೊಂದನ್ನುಳಿದು ಉಳಿದ ಐದು ರಸಗಳೂ ಇವೆಯೆಂದು ಭಾವಪ್ರಕಾಶವು ಹೇಳುತ್ತದೆ. ಒಂದು ರಸದಿಂದ ಊನವಾದುದರಿಂದ ಅದಕ್ಕೆ ‘ರಸೋನ’ ಎಂಬ ಹೆಸರು. ಮೆಣಸಿನಕಾಯಿಯು ಅತಿಯಾದರೆ ಪಿತ್ತವನ್ನು ಕೆರಳಿಸುತ್ತದೆ. ಆದ್ದರಿಂದ ಮೂಲ ಮಿಶ್ರಣದಲ್ಲಿ ಸಾಮಾನ್ಯವಾಗಿ ಇಲ್ಲದ ಕೊತ್ತಂಬರಿ ಬೀಜವನ್ನು ಸೇರಿಸಿಕೊಳ್ಳುವಂತೆ ನಾನು ಸೂಚಿಸುತ್ತೇನೆ. ಅದು ಬಾಯಾರಿಕೆ, ಉರಿಗಳನ್ನು ಶಮನಗೊಳಿಸುತ್ತದೆ.

ಉಳಿದದ್ದು ಓರೆಗಾನೊ ಎಂಬ ಸುವಾಸನೆಯ ಒಣಎಲೆ. ನಮ್ಮ ಅಂಗಡಿಗಳಲ್ಲಿ ದೊರೆಯುವುದು ಮೆಡಿಟರೇನಿಯನ್ ಪ್ರದೇಶದ, ಪುದೀನ ಕುಟುಂಬದ ಗಿಡ. ಮೆಕ್ಸಿಕೊದ ಓರೆಗಾನೊ ಬೇರೆಯೇ. ಅದು ಲಂಟಾನದ ಕುಟುಂಬಕ್ಕೆ ಸೇರಿದ್ದು. ಯಾವುದನ್ನು ಬಳಸಿದರೂ ಬಾಧಕವಿಲ್ಲ. ಓರೆಗಾನೊ ಸಿಗದಿದ್ದರೆ ಕಾಲು ಚಮಚ ಓಮವನ್ನು ಪುಡಿಗೆ ಸೇರಿಸಬಹುದು. ಇವುಗಳಲ್ಲಿರುವ ತೈಲಗಳ ಪರಿಮಳ ಒಂದಕ್ಕೊಂದು ಹತ್ತಿರವಾದುದು. ಹಿತ್ತಲಿನ ದೊಡ್ಡಪತ್ರೆಯನ್ನು ಹೊರದೇಶಗಳಲ್ಲಿ ‘ಕ್ಯೂಬಾದ ಓರೆಗಾನೊ’ ಎಂದೇ ಕರೆಯುತ್ತಾರೆ. ಅದರ ಎಲೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಪುಡಿಗೆ ಒಗ್ಗುವುದಿಲ್ಲ. ಎರಡು ಮೂರು ಹಸಿ ಎಲೆಗಳನ್ನು ಸಣ್ಣಗೆ ಹೆಚ್ಚಿ ಪಲ್ಯಕ್ಕೆ ಹಾಕಬಹುದು.

ತಯಾರಿಸುವ ವಿಧಾನ

ಬ್ಯಾಡಗಿ ಮೆಣಸಿನಕಾಯಿಯ ಪುಡಿ 4 ಚಹಾ ಚಮಚ, ಜೀರಿಗೆ ಪುಡಿ 3 ಚಮಚ, ಕೊತ್ತಂಬರಿ ಬೀಜದ ಪುಡಿ 2 ಚಮಚ, ಓರೆಗಾನೊ 1 ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ. ಟ್ಯಾಕೊ ಮಸಾಲೆಗೆ ಕೆಂಪು ಬಣ್ಣ ಬೇಕು, ಖಾರ ಮಿತವಾಗಿರಬೇಕು. ಈ ಎರಡು ಗುಣಗಳೂ ಬ್ಯಾಡಗಿಯಲ್ಲಿವೆ.

ಮೆಣಸಿನಕಾಯಿಯನ್ನು ಬಿಸಿಲಿನಲ್ಲಿ ಒಣಗಿಸಿ, ತೊಟ್ಟು ಮತ್ತು ಬೀಜಗಳನ್ನು ತೆಗೆಯಿರಿ. ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಬೆಚ್ಚಗೆ ಮಾಡಿ. ಕಪ್ಪಾಗಬಾರದು, ಕಪ್ಪಾದರೆ ಕಹಿಯಾಗುತ್ತದೆ. ಜೀರಿಗೆ, ಕೊತ್ತಂಬರಿಗಳನ್ನು ಬೇರೆ ಬೇರೆಯಾಗಿ ಹುರಿಯಿರಿ. ಎಲ್ಲವೂ ಪೂರ್ಣವಾಗಿ ಆರಿದ ಬಳಿಕ ಪುಡಿ ಮಾಡಿ. ಓರೆಗಾನೊವನ್ನು ಹುರಿಯದೆ ಅಂಗೈಯಲ್ಲಿ ಉಜ್ಜಿ ಬೆರೆಸಿ. ಉಪ್ಪನ್ನು ಸೇರಿಸಲೇಬಾರದು. ಒಣಗಿದ ಗಾಜಿನ ಬಾಟಲಿಯಲ್ಲಿ ಗಟ್ಟಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ ಇಟ್ಟು ಎರಡು ತಿಂಗಳೊಳಗೆ ಬಳಸಿ ಮುಗಿಸಿ. ಒದ್ದೆ ಚಮಚ ಹಾಕಬೇಡಿ. ಬೂಷ್ಟು ಹಿಡಿದ ಮೆಣಸಿನಕಾಯಿಯಲ್ಲಿ ಯಕೃತ್ತಿಗೆ ಹಾನಿಕರವಾದ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದನ್ನು ತೊಳೆದು, ಒಣಗಿಸಿ ಬಳಸುವ ಉಳಿತಾಯ ಬೇಡ.

ಬಳಸುವ ಕ್ರಮ

ನಾಲ್ಕು ಜನರ ಪಲ್ಯಕ್ಕೆ 200 ಗ್ರಾಂ ರಾಜ್ಮಾ ಕಾಳು ಸಾಕು. ರಾತ್ರಿಯೆಲ್ಲ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಅಂಶವು ವಾಂತಿ, ಭೇದಿಗಳನ್ನುಂಟುಮಾಡುತ್ತದೆ. ಕುದಿಯುವ ನೀರಿನಲ್ಲಿ ಚೆನ್ನಾಗಿ ಬೆಂದಾಗ ಅದು ನಾಶವಾಗುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಹಾಗೂ 3 ಚಮಚ ಮಸಾಲೆ ಪುಡಿ ಹಾಕಿ, ಕಾಳು ಬೆರೆಸಿ, ಸ್ವಲ್ಪ ಕಾಳನ್ನು ಹಿಸುಕಿರಿ. ಪಿಷ್ಟವಿಲ್ಲದೆಯೇ ಪಲ್ಯ ಗಟ್ಟಿಯಾಗುತ್ತದೆ. ಉಪ್ಪು ಅರ್ಧ ಚಮಚ ಮಾತ್ರ; ಇದರಿಂದ ಒಬ್ಬರ ಪಾಲಿಗೆ 1 ಗ್ರಾಂಗಿಂತ ಕಡಿಮೆ ಉಪ್ಪು ಬರುತ್ತದೆ. ಕೊನೆಗೆ ನಿಂಬೆರಸ ಹಿಂಡಿದರೆ ಉಪ್ಪು ಕಡಿಮೆಯಾದದ್ದು ನಾಲಗೆಗೆ ತಿಳಿಯುವುದಿಲ್ಲ.

ಆಮ್ಲಪಿತ್ತ, ಜಠರದ ಹುಣ್ಣು, ಮೂಲವ್ಯಾಧಿ ಇರುವವರು ಮೆಣಸಿನಕಾಯಿಯನ್ನು 2 ಚಮಚಕ್ಕೆ ಇಳಿಸಿ, ಕೊತ್ತಂಬರಿಯನ್ನು 4 ಚಮಚಕ್ಕೆ ಏರಿಸಿಕೊಳ್ಳಲಿ. ತೊಂದರೆ ಹೆಚ್ಚಿರುವಾಗ ಖಾರವನ್ನೇ ಬಿಡಲಿ. ಮೂತ್ರಪಿಂಡದ ರೋಗಿಗಳು ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರುವುದನ್ನು ವೈದ್ಯರನ್ನು ಕೇಳದೆ ಬಳಸಬಾರದು. ಅದರಲ್ಲಿರುವ ಪೊಟ್ಯಾಸಿಯಂ ಅವರಿಗೆ ಅಪಾಯಕಾರಿ.

ಮಕ್ಕಳು ಹೊಸ ರುಚಿಯನ್ನು ಬಯಸುವುದು ಸಹಜ. ಅದನ್ನು ನಿಷೇಧಿಸುವ ಅಗತ್ಯವಿಲ್ಲ. ಮಸಾಲೆಯ ಬಾಟಲಿ ಒಂದು ಕಡೆ, ಉಪ್ಪಿನ ಡಬ್ಬಿ ಇನ್ನೊಂದು ಕಡೆ ಇರಲಿ. ಆಗ ಒಂದೇ ಪಲ್ಯದಲ್ಲಿ ಅಜ್ಜನ ಪಾಲನ್ನು ಮೊದಲು ತೆಗೆದಿರಿಸಿ, ಉಳಿದದ್ದಕ್ಕೆ ಉಪ್ಪು ಬೆರೆಸಬಹುದು. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಬಹುದು.