ಅಪ್ಪನಿಗೆ ಕ್ಯಾನ್ಸರ್ ಇರುವಾಗ ಮನೆಯಲ್ಲಿ ನಗಬಹುದೇ?

ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಕ್ಯಾನ್ಸರ್ ಎಂದು ವರದಿ ಬಂದ ದಿನದಿಂದ ಆ ಮನೆಯ ಸದ್ದೇ ಬದಲಾಗುತ್ತದೆ. ಟಿ.ವಿ.ಯ ಧ್ವನಿ ತಗ್ಗುತ್ತದೆ. ಮಕ್ಕಳು ಅಡುಗೆಕೋಣೆಯಲ್ಲಿ ಪಿಸುಮಾತಿನಲ್ಲಿ ಜಗಳವಾಡುತ್ತಾರೆ. ನೋಡಲು ಬಂದ ನೆಂಟರು ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ಚಹಾವನ್ನೂ ಸಂಕೋಚದಿಂದ ಕುಡಿಯುತ್ತಾರೆ. ಎಲ್ಲಕ್ಕಿಂತ ಮೊದಲು ನಿಂತುಹೋಗುವುದು ನಗು. ಯಾರಾದರೂ ಮರೆತು ನಕ್ಕರೆ ಮರುಕ್ಷಣ ತಪ್ಪು ಮಾಡಿದವರಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ.

‘ಅಪ್ಪ ಹೀಗಿರುವಾಗ ನಾವು ನಗುವುದು ಸರಿಯಾ ಡಾಕ್ಟ್ರೇ?’ ಎಂದು ನನ್ನಲ್ಲಿ ಕೇಳಿದ ಮಕ್ಕಳು ಒಬ್ಬಿಬ್ಬರಲ್ಲ. ಇದನ್ನು ಕ್ಷುಲ್ಲಕ ಪ್ರಶ್ನೆ ಎನ್ನುವಂತಿಲ್ಲ. ಕ್ಯಾನ್ಸರ್ ಚಿಕಿತ್ಸೆ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲ. ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ ಎಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ಕಾಲ ಮನೆಮಂದಿ ಹೇಗೆ ಬದುಕಬೇಕು ಎಂಬುದೇ ನಿಜವಾದ ಪ್ರಶ್ನೆ.

ನಗು ಔಷಧವೇ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ನಗುವುದರಿಂದ ಕ್ಯಾನ್ಸರ್ ಗಡ್ಡೆ ಕರಗುವುದಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕೆ ಸಾಕ್ಷಿಯಾಗಿ ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಅವರ ಹೆಸರನ್ನು ಹಲವರು ಎತ್ತುತ್ತಾರೆ. ಹಾಸ್ಯ ಚಿತ್ರಗಳನ್ನು ನೋಡಿ ನಕ್ಕಾಗ ತನ್ನ ನೋವು ತಗ್ಗಿ ನಿದ್ದೆ ಬರುತ್ತಿತ್ತು ಎಂದು ಅವರು 1979ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದದ್ದು ನಿಜ. ಆದರೆ ಅವರಿಗಿದ್ದುದು ಬೆನ್ನುಮೂಳೆ ಮತ್ತು ಕೀಲುಗಳ ಕಾಯಿಲೆ, ಕ್ಯಾನ್ಸರ್ ಅಲ್ಲ. ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರಲ್ಲಿ ಉದ್ಯಾನವೊಂದರಲ್ಲಿ ಆರಂಭಿಸಿದ ನಗೆಕೂಟ ಇಂದು ಹಲವು ದೇಶಗಳಿಗೆ ಹಬ್ಬಿದೆ. ಅದೂ ಮನಸ್ಸನ್ನು ಹಗುರ ಮಾಡುವ ಅಭ್ಯಾಸವೇ ಹೊರತು ಕ್ಯಾನ್ಸರಿನ ಚಿಕಿತ್ಸೆಯಲ್ಲ.

ಹಾಗಾದರೆ ನಗುವಿನಿಂದ ಪ್ರಯೋಜನವೇನು? ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಮನಸ್ಸು ಸ್ವಲ್ಪ ಹೊತ್ತು ಕಾಯಿಲೆಯಿಂದ ಆಚೆ ಹೋಗುತ್ತದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯಾಗಿ ಕುಳಿತು ಮನಸಾರೆ ನಕ್ಕವರು ಆ ಬಳಿಕ ನೋವನ್ನು ಹೆಚ್ಚು ತಾಳಿಕೊಂಡದ್ದು ಕಂಡುಬಂತು. ಆ ಪರೀಕ್ಷೆ ನಡೆದದ್ದು ಆರೋಗ್ಯವಂತರ ಮೇಲೆ ಎಂಬುದನ್ನು ಮರೆಯಬಾರದು. ಆದರೂ ‘ಜೊತೆಯಾಗಿ’ ಎಂಬ ಮಾತು ಮುಖ್ಯ. ನಗು ಒಬ್ಬಂಟಿತನವನ್ನು ಕಡಿಮೆ ಮಾಡುತ್ತದೆ. ಕ್ಯಾನ್ಸರ್ ರೋಗಿಯನ್ನು ನೋವಿನಷ್ಟೇ ಕಾಡುವುದು ಈ ಒಬ್ಬಂಟಿತನ.

ನಮ್ಮ ನಾಡಿನಲ್ಲಿ ವೈದ್ಯಕ್ಕೂ ಹಾಸ್ಯಕ್ಕೂ ಹಳೆಯ ನೆಂಟಸ್ತಿಕೆ ಇದೆ. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿದ ‘ರಾಶಿ’ಯವರು ವೃತ್ತಿಯಲ್ಲಿ ವೈದ್ಯರು, ಡಾ. ಎಂ. ಶಿವರಾಂ. ಮನಸ್ಸಿನ ಕುರಿತು ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರನ್ನು ನಗಿಸಿದ ಕೈಯೇ ಮನಸ್ಸಿನ ಕಾಯಿಲೆಗಳ ಬಗ್ಗೆಯೂ ಬರೆಯಿತು.

ನಗು ನಿಲ್ಲುವುದೇಕೆ?

ದುಃಖದಿಂದ ಎಂದು ನಾವು ತಿಳಿಯುತ್ತೇವೆ. ನನ್ನ ಅನುಭವದಲ್ಲಿ ದುಃಖಕ್ಕಿಂತ ದೊಡ್ಡ ಕಾರಣ ಗುಟ್ಟು. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಅವರು ತಡೆದುಕೊಳ್ಳಲಿಕ್ಕಿಲ್ಲ’ ಎಂದು ಮಕ್ಕಳು ಬಾಗಿಲ ಹೊರಗೆ ನಿಂತು ಕೈ ಮುಗಿಯುತ್ತಾರೆ. ಮನೆಯಲ್ಲಿ ಕಾಯಿಲೆಗೆ ‘ಹುಣ್ಣು’, ‘ಗಂಟು’ ಎಂದು ಬೇರೆ ಹೆಸರಿಡುತ್ತಾರೆ. ಎಲ್ಲಿ ಬಾಯಿ ತಪ್ಪುತ್ತದೋ ಎಂಬ ಹೆದರಿಕೆಯಿಂದ ಮಾತನ್ನೇ ಕಡಿಮೆ ಮಾಡುತ್ತಾರೆ. ಮಾತಿಲ್ಲದ ಮನೆಯಲ್ಲಿ ನಗು ಎಲ್ಲಿಂದ ಬರಬೇಕು?

ನನಗೆ ಗೊತ್ತಿರುವ ಒಂದು ಮನೆಯಲ್ಲಿ ನಿವೃತ್ತ ತಂದೆಗೆ ಕರುಳಿನ ಕ್ಯಾನ್ಸರ್. ಮನೆಯವರು ‘ಕರುಳಿನ ಹುಣ್ಣು’ ಎಂದೇ ಹೇಳುತ್ತ ಬಂದಿದ್ದರು. ಕಿಮೊಥೆರಪಿಗೆ ಕರೆದುಕೊಂಡು ಹೋದ ದಿನ ವಿಭಾಗದ ಎದುರಿನ ಫಲಕವನ್ನು ನೋಡಿ ಅವರು ಮಗನಿಗೆ ಹೇಳಿದರಂತೆ: ‘ಹುಣ್ಣಿಗೆ ಇಷ್ಟು ದೊಡ್ಡ ಬೋರ್ಡು ಹಾಕಿದ್ದಾರಲ್ಲ ಮಾರಾಯ! ನಾನು ಒಂದನೇ ಕ್ಲಾಸಿನಲ್ಲೇ ಓದಲಿಕ್ಕೆ ಕಲಿತಿದ್ದೇನೆ.’ ಮಗನಿಗೆ ನಗುವೂ ಬಂತು, ಕಣ್ಣೀರೂ ಬಂತು. ತಂದೆಗೆ ಮೊದಲಿನಿಂದಲೂ ಗೊತ್ತಿತ್ತು. ಮಕ್ಕಳು ತಡೆದುಕೊಳ್ಳಲಿಕ್ಕಿಲ್ಲ ಎಂದು ಅವರು ಸುಮ್ಮನಿದ್ದರು! ಅಂದು ರಾತ್ರಿ ಆ ಮನೆಯಲ್ಲಿ ಎರಡು ತಿಂಗಳ ಬಳಿಕ ಎಲ್ಲರೂ ಒಟ್ಟಿಗೆ ಕುಳಿತು ಉಂಡರು. ಚಿಕಿತ್ಸೆಯ ಖರ್ಚು, ಬ್ಯಾಂಕಿನ ಠೇವಣಿ, ಮಗಳ ಮದುವೆಯ ದಿನ, ಎಲ್ಲವೂ ಮಾತಿಗೆ ಬಂತು. ಆ ಮಾತುಗಳನ್ನು ಇನ್ನೂ ಮುಂದೂಡಿದ್ದರೆ ತಂದೆಯ ಅಭಿಪ್ರಾಯ ಕೇಳುವ ಅವಕಾಶವೇ ತಪ್ಪಿಹೋಗುವ ಸಂಭವವಿತ್ತು.

ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕು ರೋಗಿಗೆ ಇದೆ. ಎಷ್ಟು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂಬುದನ್ನು ಅವರನ್ನೇ ಕೇಳಿ. ಹೇಳುವುದು ಕಷ್ಟವೆನಿಸಿದರೆ ವೈದ್ಯರ ನೆರವು ಪಡೆಯಿರಿ.

ಹಾಸ್ಯಗಾರನ ಪ್ರವೇಶ ಯಾವಾಗ?

ಯಕ್ಷಗಾನ ನೋಡುವ ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಂಥ ದುಃಖದ ಪ್ರಸಂಗದಲ್ಲೂ ಹಾಸ್ಯಗಾರನಿಗೆ ಒಂದು ಜಾಗ ಇದ್ದೇ ಇರುತ್ತದೆ. ಆದರೆ ಒಳ್ಳೆಯ ಹಾಸ್ಯಗಾರ ಹೊತ್ತು ನೋಡಿ ಬರುತ್ತಾನೆ, ಎದುರಿನ ಪಾತ್ರದ ಮಾತನ್ನು ಕೇಳಿಸಿಕೊಂಡು ಮಾತನಾಡುತ್ತಾನೆ. ಮನೆಯಲ್ಲೂ ಹಾಗೆಯೇ.

ಇಲ್ಲಿ ಒಂದು ನಿಯಮ ನೆನಪಿಡಿ: ಕಾಯಿಲೆಯ ಬಗ್ಗೆ ಮೊದಲ ತಮಾಷೆ ಮಾಡುವ ಅಧಿಕಾರ ಕಾಯಿಲೆಯವರದ್ದು. ಕಿಮೊಥೆರಪಿಯಿಂದ ಕೂದಲು ಉದುರಿದ ತಾಯಿಯೊಬ್ಬರು ‘ತೆಂಗಿನೆಣ್ಣೆಯ ಖರ್ಚು ಉಳಿಯಿತು’ ಎಂದರೆ ಮಗಳೂ ಜೊತೆಗೆ ನಗಬಹುದು. ಅದೇ ಮಾತನ್ನು ನೆರೆಮನೆಯವರು ಹೇಳಿದರೆ ಅದು ಗಾಯ. ಅಮ್ಮ ಕನ್ನಡಿಯ ಮುಂದೆ ಅಳುತ್ತಿರುವ ದಿನ ಮಗಳೂ ಆ ಮಾತನ್ನು ಆಡಬಾರದು. ಕಿಮೊಥೆರಪಿಯಿಂದ ಉದುರಿದ ಕೂದಲು ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ ಎಂದು ಹೇಳಿ ಪಕ್ಕದಲ್ಲಿ ಕುಳಿತರೆ ಸಾಕು.

ತಮಾಷೆಗೆ ಸಾಮಗ್ರಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಮನೆಯಲ್ಲೇ ಇದೆ. ಅಮ್ಮನಿಗೆ ಬಂಗುಡೆ ಹುರಿಯುವ ವಾಸನೆಯೂ ಆಗದೆ ಹೋದಾಗ, ಅದುವರೆಗೆ ಒಲೆ ಹಚ್ಚಿ ಗೊತ್ತಿಲ್ಲದ ಅಪ್ಪ ಅಡುಗೆಗೆ ಇಳಿಯುತ್ತಾರೆ. ಅಂಥ ಒಬ್ಬ ಗಂಡನ ಸಾರು ಉಂಡ ಹೆಂಡತಿ ನನ್ನಲ್ಲಿ ಕೇಳಿದ್ದರು: ‘ಇದು ಕಿಮೊದ ವಾಂತಿಯಾ, ಇವರ ಸಾರಿನ ವಾಂತಿಯಾ ಅಂತ ಗೊತ್ತಾಗುವುದು ಹೇಗೆ ಡಾಕ್ಟ್ರೇ?’ ಪಕ್ಕದಲ್ಲಿದ್ದ ಗಂಡನೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಲವತ್ತು ವರ್ಷ ಅವರನ್ನು ಕೀಟಲೆ ಮಾಡುತ್ತ ಬಂದ ಹೆಂಡತಿ ಕಾಯಿಲೆಯ ನಡುವೆಯೂ ಅದೇ ಹೆಂಡತಿಯಾಗಿ ಉಳಿದಿದ್ದರು. ರೋಗಿಗೆ ನಾವು ಕೊಡಬಹುದಾದ ದೊಡ್ಡ ಗೌರವ ಇದೇ: ಅವರನ್ನು ಬರೀ ರೋಗಿಯೆಂದು ನೋಡದೆ, ಹಿಂದಿನಂತೆ ಅಪ್ಪ ಅಮ್ಮನಾಗಿಯೇ ಇರಲು ಬಿಡುವುದು.

ನೋಡಲು ಬರುವವರ ಸಲಹೆಗಳೂ ಹಾಗೆಯೇ. ಒಬ್ಬರು ಲಕ್ಷ್ಮಣಫಲ ಎನ್ನುತ್ತಾರೆ, ಇನ್ನೊಬ್ಬರು ಗೋಧಿಹುಲ್ಲಿನ ರಸ ಎನ್ನುತ್ತಾರೆ. ನನ್ನ ರೋಗಿಯೊಬ್ಬರು ಕ್ಯಾಲೆಂಡರಿನಲ್ಲಿ ಲೆಕ್ಕ ಬರೆದಿಡುತ್ತಿದ್ದರು: ‘ಬಂದವರು ಮೂವರು, ಹೇಳಿದ ಔಷಧಿ ಐದು.’ ಸಂಜೆ ಮನೆಯವರೆಲ್ಲ ಅದನ್ನು ಓದಿ ನಗುತ್ತಿದ್ದರು. ಆದರೆ ಅಂಥ ಯಾವುದನ್ನೂ ಚಿಕಿತ್ಸೆ ಕೊಡುವ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಕೆಲವು ಕಷಾಯ, ಪುಡಿಗಳು ಕಿಮೊಥೆರಪಿಯ ಔಷಧಿಗಳೊಂದಿಗೆ ಸೇರಿ ತೊಂದರೆ ಕೊಡಬಹುದು.

ಕಿಮೊಥೆರಪಿಗೆ ಕೆಲವೊಮ್ಮೆ ಗಂಟೆಗಟ್ಟಲೆ ಮಲಗಿರಬೇಕಾಗುತ್ತದೆ. ಆಗ ಅಪ್ಪನಿಗೆ ಇಷ್ಟವಾದ ತುಳು ನಾಟಕವನ್ನೋ ತಾಳಮದ್ದಳೆಯನ್ನೋ ಮೊಬೈಲಿನಲ್ಲಿ ಕೇಳಿಸಬಹುದು. ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ ಇಯರ್‌ಫೋನ್ ಇರಲಿ.

ಮಕ್ಕಳನ್ನು ಗದರಿಸಬೇಡಿ

ತಂದೆ ಅಥವಾ ತಾಯಿ ಇನ್ನೂ ಚಿಕ್ಕ ವಯಸ್ಸಿನವರಾಗಿ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಹೆಚ್ಚಿನ ಗಮನ ಬೇಕು. ಮಕ್ಕಳು ದೊಡ್ಡವರಂತೆ ದಿನವಿಡೀ ದುಃಖಪಡುವುದಿಲ್ಲ. ಐದು ನಿಮಿಷ ಅಳುತ್ತಾರೆ, ಮತ್ತೆ ಅಂಗಳಕ್ಕೆ ಓಡುತ್ತಾರೆ. ಅದು ಕಲ್ಲುಮನಸ್ಸಲ್ಲ, ಆ ವಯಸ್ಸಿನ ರೀತಿ. ‘ಅಪ್ಪ ಹೀಗೆ ಮಲಗಿರುವಾಗ ನಿನಗೆ ಎಂತದ್ದು ನಗು?’ ಎಂದು ಗದರಿಸಿದರೆ, ತನ್ನಿಂದಲೇ ಅಪ್ಪನಿಗೆ ಹೀಗಾಯಿತೋ ಎಂದು ಮಗು ಒಳಗೊಳಗೇ ಕೊರಗಬಹುದು.

ಮಕ್ಕಳಿಗೆ ಮೂರು ಸಂಗತಿಗಳನ್ನು ಸರಳವಾಗಿ ಹೇಳಿ. ಈ ಕಾಯಿಲೆ ನಿನ್ನಿಂದ ಬಂದದ್ದಲ್ಲ. ಅಪ್ಪನ ಪಕ್ಕ ಕುಳಿತರೆ, ಮುಟ್ಟಿದರೆ ಅಂಟುವುದಿಲ್ಲ. ನಿನ್ನನ್ನು ನೋಡಿಕೊಳ್ಳಲು ನಾವು ಇದ್ದೇವೆ. ಇಷ್ಟು ತಿಳಿದ ಮಗು ನಿರ್ಭಯವಾಗಿ ಅಪ್ಪನ ಹತ್ತಿರ ಬರುತ್ತದೆ. ಅದರ ತೊದಲು ಪ್ರಶ್ನೆಗಳೇ ಅಪ್ಪನನ್ನು ನಗಿಸುತ್ತವೆ.

ಗಮನಿಸಬೇಕಾದ ಅಂಶಗಳು

1. ಹೊಟ್ಟೆ ಅಥವಾ ಎದೆಯ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಜೋರಾಗಿ ನಕ್ಕರೆ ಹೊಲಿಗೆಯ ಜಾಗ ನೋಯುತ್ತದೆ. ಮೆತ್ತನೆಯ ದಿಂಬನ್ನು ಆ ಜಾಗಕ್ಕೆ ಒತ್ತಿ ಹಿಡಿದುಕೊಂಡು ನಗಲಿ, ಕೆಮ್ಮಲಿ.

2. ನೋವಿನಿಂದ ನರಳುತ್ತಿರುವವರನ್ನು ನಗಿಸಲು ಹೋಗಬೇಡಿ. ಮೊದಲು ನೋವು ಶಮನವಾಗಲಿ. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ತಿಳಿಸಿತ್ತು. ತೀವ್ರ ನೋವಿಗೆ ಬೇಕಾಗುವ ಮಾರ್ಫಿನ್ ರೋಗಿಗಳಿಗೆ ಸುಲಭವಾಗಿ ಸಿಗಲೆಂದು 2014ರಲ್ಲಿ ನಮ್ಮ ದೇಶದ ಕಾನೂನಿಗೂ ತಿದ್ದುಪಡಿಯಾಗಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಅದನ್ನು ಕೊಡಲು ಹೆದರಬೇಡಿ.

3. ಕಿಮೊಥೆರಪಿಯ ಬಳಿಕ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಸೋಂಕಿನ ಅಪಾಯ ಹೆಚ್ಚು. ಆಗ ಮನೆಯಲ್ಲಿ ಜನ ಸೇರಿಸಬೇಡಿ. ನೆಗಡಿ, ಕೆಮ್ಮು ಇದ್ದವರು ಹತ್ತಿರ ಬಾರದಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಾದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ.

4. ಚಿಕಿತ್ಸೆಯೊಂದಿಗೆ ಕೊಡುವ ಸ್ಟೀರಾಯ್ಡ್ ಔಷಧಿಗಳಿಂದ ಕೆಲವರಿಗೆ ನಿದ್ದೆ ಬಾರದು, ಸಿಡುಕು ಹೆಚ್ಚುತ್ತದೆ. ನಿನ್ನೆ ನಕ್ಕ ಮಾತಿಗೆ ಇಂದು ಸಿಟ್ಟಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ವೈದ್ಯರಿಗೆ ತಿಳಿಸಿ.

5. ‘ಯಾವಾಗಲೂ ನಗುತ್ತಾ ಇರಿ, ಧೈರ್ಯವಾಗಿರಿ, ಎಲ್ಲ ಗುಣವಾಗುತ್ತದೆ’ ಎಂದು ಒತ್ತಾಯಿಸಬೇಡಿ. ಕಾಯಿಲೆ ಹೆಚ್ಚಾದರೆ ‘ನಾನು ಸಾಕಷ್ಟು ಧೈರ್ಯದಿಂದ ಇರಲಿಲ್ಲ’ ಎಂದು ರೋಗಿ ತನ್ನನ್ನೇ ಹಳಿದುಕೊಳ್ಳುವಂತೆ ಆಗಬಾರದು. ಅಳಬೇಕೆನಿಸಿದಾಗ ಅಳುವ ಸ್ವಾತಂತ್ರ್ಯವೂ ಮನೆಯಲ್ಲಿರಬೇಕು.

ನಗುವೇ ಬಾರದಿದ್ದರೆ?

ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗಿ, ಮಂಕು ಕವಿದಂತೆ ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ‘ಕ್ಯಾನ್ಸರ್ ಬಂದವರಿಗೆ ಬೇಸರವಾಗದೆ ಇರುತ್ತದೆಯೇ?’ ಎಂದು ತಳ್ಳಿಹಾಕಬೇಡಿ. ಖಿನ್ನತೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಇರುವಾಗಲೂ ಅದು ಫಲ ಕೊಡುತ್ತದೆ. ಬದುಕುವುದೇ ಬೇಡ ಎಂಬ ಮಾತು ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಆರೈಕೆ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲರನ್ನೂ ನಗಿಸುತ್ತ, ಒಳಗೆ ಬಳಲಿಹೋಗಿರುವ ಮಗಳೋ ಸೊಸೆಯೋ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ವಾರಕ್ಕೆ ಒಂದು ಸಂಜೆಯಾದರೂ ಅವರಿಗೆ ಬಿಡುವು ಸಿಗುವಂತೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಳಿ ಹಚ್ಚಿಕೊಳ್ಳಬೇಕು.

ಎಲ್ಲ ಕ್ಯಾನ್ಸರ್‌ಗಳೂ ಗುಣವಾಗುವುದಿಲ್ಲ. ಗುಣವಾಗದೆಂದು ತಿಳಿದ ಮೇಲೂ ಅಪ್ಪ ಹಳೆಯ ಕಥೆಯೊಂದನ್ನು ಹತ್ತನೇ ಸಲ ಹೇಳಲು ಹೊರಟರೆ ತಡೆಯಬೇಡಿ. ಕುಳಿತು ಕೇಳಿ, ನಗುವ ಜಾಗದಲ್ಲಿ ನಗಿ. ಸಾಧ್ಯವಾದರೆ ಬರೆದಿಡಿ ಅಥವಾ ಮೊಬೈಲಿನಲ್ಲಿ ಧ್ವನಿಮುದ್ರಿಸಿಡಿ. ಮುಂದೆ ಮೊಮ್ಮಕ್ಕಳು ಅಜ್ಜ ಹೇಗಿದ್ದರು ಎಂದು ಕೇಳಿದಾಗ, ಆಸ್ಪತ್ರೆಯ ಕಡತಕ್ಕಿಂತ ಮೊದಲು ಅದನ್ನು ತೆಗೆದು ಕೊಡಬಹುದು.