ಮಕ್ಕಳ ಹೃದ್ರೋಗದ ಆನ್‌ಲೈನ್ ತರಬೇತಿ: ಅನುಭವ ಕಲಿಸಿದ್ದು

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ಇವರಲ್ಲಿ ಹೆಚ್ಚುಕಡಿಮೆ ಕಾಲು ಭಾಗದ ಮಕ್ಕಳಿಗೆ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯೋ ಅಂಥದೇ ಬೇರೆ ಚಿಕಿತ್ಸೆಯೋ ಬೇಕಾಗುತ್ತದೆ. ತಜ್ಞರು ಇರುವುದು ದೊಡ್ಡ ನಗರಗಳಲ್ಲಿ. ಮಗುವನ್ನು ಮೊದಲು ಕಾಣುವವರು ಹೆರಿಗೆ ವಾರ್ಡಿನ ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆಯ ವೈದ್ಯರು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು. ಆನ್‌ಲೈನ್ ತರಬೇತಿ ಬೇಕಿರುವುದು ಇವರಿಗೆ.

ಬರೀ ಉಪನ್ಯಾಸ ಇಲ್ಲಿ ಸಾಲದು. ಡಾ. ಸಂಜೀವ್ ಅರೋರಾ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರುಮಾಡಿದ ‘ಪ್ರಾಜೆಕ್ಟ್ ಎಕೋ’ ಬೇರೊಂದು ದಾರಿ ಹಿಡಿಯಿತು: ಊರಿನ ವೈದ್ಯರು ತಮ್ಮ ರೋಗಿಯ ವಿವರ ಮುಂದಿಡುತ್ತಾರೆ, ತಜ್ಞರೂ ಉಳಿದವರೂ ಸೇರಿ ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಯಲ್ಲಿ ಇದೇ ಮಾದರಿಯನ್ನು ಬಳಸಿದೆ. ಮಕ್ಕಳ ಹೃದ್ರೋಗಕ್ಕೂ ಇದು ಒಗ್ಗುತ್ತದೆ. ಆದರೆ ಹೃದಯದ ವಿಷಯ ಬಂದಾಗ ಕೆಲವು ತೊಡಕುಗಳು ಹೆಚ್ಚುವರಿ.

ಮೊದಲನೆಯದು ಸದ್ದು. ಸ್ಟೆತಾಸ್ಕೋಪಿನಲ್ಲಿ ಕೇಳುವ ಮರ್ಮರ್ ಶಬ್ದವನ್ನು ವಿಡಿಯೊ ಕರೆಯ ತಂತ್ರಾಂಶ ಗದ್ದಲವೆಂದು ಬಗೆದು ಅಳಿಸಿಹಾಕುತ್ತದೆ. ಅದು ಉಳಿಸಿಕೊಳ್ಳುವುದು ಮಾತನ್ನು ಮಾತ್ರ. ಗದ್ದಲ ತಡೆಯುವ ಸೆಟ್ಟಿಂಗ್ ತೆಗೆದರೂ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ತಗ್ಗಿನ ಸ್ವರ ಹೊರಬರುವುದಿಲ್ಲ. ಕಲಿಯುವವರು ‘ಕೇಳಿಸಿತು’ ಎಂದು ತಲೆಯಾಡಿಸುತ್ತಾರೆ, ಪಾಪ, ಸಂಕೋಚಕ್ಕೆ. ಧ್ವನಿಮುದ್ರಣವನ್ನು ಮೊದಲೇ ಫೈಲಾಗಿ ಕಳಿಸಿ ಇಯರ್‌ಫೋನಿನಲ್ಲಿ ಕೇಳಿಸುವುದೇ ಸರಿ. ಹೃದಯದ ಎಕೋ ಸ್ಕ್ಯಾನಿನ ವಿಡಿಯೊಗೂ ಇದೇ ಮಾತು. ನೇರಪ್ರಸಾರದಲ್ಲಿ ಕವಾಟದ ಚಲನೆ ಮುಗ್ಗರಿಸುತ್ತದೆ.

ಪಲ್ಸ್ ಆಕ್ಸಿಮೀಟರ್ ತಪಾಸಣೆ ಪರದೆಯ ಮೇಲೆ ಚೆನ್ನಾಗಿ ಕಲಿಯಬಹುದಾದ ಪಾಠ. ಹುಟ್ಟಿ 24 ಗಂಟೆ ಕಳೆದ ಮೇಲೆ ಬಲಗೈ ಮತ್ತು ಒಂದು ಕಾಲಿನ ಆಮ್ಲಜನಕ ಪ್ರಮಾಣ ನೋಡಬೇಕು. ಶೇ. 90ಕ್ಕಿಂತ ಕಡಿಮೆಯಿದ್ದರೆ ತಡಮಾಡುವಂತಿಲ್ಲ. 90ರಿಂದ 94ರೊಳಗಿದ್ದರೆ ಅಥವಾ ಕೈಕಾಲಿನ ವ್ಯತ್ಯಾಸ 3ಕ್ಕಿಂತ ಹೆಚ್ಚಿದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಬಲಗೈಯೇ ಏಕೆಂದರೆ ಅದಕ್ಕೆ ಹೋಗುವ ರಕ್ತ ಹುಟ್ಟುವ ಮೊದಲು ತೆರೆದಿರುವ ಡಕ್ಟಸ್ ನಾಳ ಮಹಾಧಮನಿಗೆ ಸೇರುವ ಮೊದಲೇ ಕವಲೊಡೆಯುತ್ತದೆ. ನರ್ಸ್‌ಗಳ ಪ್ರಶ್ನೆ ಮಾತ್ರ ಬೇರೆ: ಕಾಲು ತಣ್ಣಗಿದ್ದರೆ? ಮಗು ಒದೆಯುತ್ತಿದ್ದರೆ? ಕಾಲನ್ನು ಬೆಚ್ಚಗೆ ಮಾಡಿ, ಆಕ್ಸಿಮೀಟರಿನ ಅಲೆ ಸ್ಥಿರವಾಗುವವರೆಗೆ ಕಾದು ಅಂಕಿ ಬರೆದುಕೊಳ್ಳಬೇಕು. ಒಳ್ಳೆಯ ತರಗತಿಯ ಅರ್ಧ ಸಮಯ ಇಂಥವಕ್ಕೇ ಹೋಗುತ್ತದೆ, ಹೋಗಬೇಕು.

ಅಂಕಿ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಮಹಾಧಮನಿ ಕಿರಿದಾದ ಮಗು ಈ ತಪಾಸಣೆಯಲ್ಲಿ ಜಾರಿಹೋಗಬಹುದು. ಅದನ್ನು ಹಿಡಿಯುವ ಉಪಾಯ ತೊಡೆಸಂದಿನ ನಾಡಿ ಮುಟ್ಟಿ ನೋಡುವುದು, ಇದನ್ನು ಯಾವ ಪರದೆಯೂ ಬೆರಳಿಗೆ ಕಲಿಸಲಾರದು. ಹತ್ತಿರದ ಜಿಲ್ಲಾಸ್ಪತ್ರೆಯಲ್ಲಿ ಅನುಭವಿಗಳ ಜೊತೆ ನಿಂತು ಹಲವು ಶಿಶುಗಳನ್ನು ಪರೀಕ್ಷಿಸಲೇಬೇಕು.

ಡಕ್ಟಸ್ ತೆರೆದಿರುವುದನ್ನೇ ನಂಬಿರುವ ಮಗುವನ್ನು ದೂರ ಸಾಗಿಸುವಾಗ ಅದು ಮುಚ್ಚದಂತೆ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಬೇಕು. ಈ ಔಷಧದಿಂದ ಉಸಿರು ನಿಲ್ಲುವ ಅಪಾಯವಿರುವುದರಿಂದ ಜೊತೆಗೆ ಹೋಗುವವರಿಗೆ ಕೃತಕ ಉಸಿರಾಟ ಕೊಡಲು ಬರಬೇಕು. ಇಷ್ಟೆಲ್ಲ ಕಲಿಸುವ ತರಬೇತಿ ನಾಟಿತೋ ಇಲ್ಲವೋ ಎಂಬುದು ತಿಳಿಯುವುದು ಕೊನೆಯ ಪರೀಕ್ಷೆಯ ಅಂಕಗಳಿಂದಲ್ಲ, ರೆಫರ್ ಚೀಟಿಯಿಂದ. ‘ಹೃದಯದ ತೊಂದರೆ ಇರಬಹುದು’ ಎಂದಷ್ಟೇ ಬರೆದಿರುತ್ತಿದ್ದ ಕಡೆ ಕೈಕಾಲಿನ ಅಂಕಿ, ತೊಡೆಸಂದಿನ ನಾಡಿ, ಮಗುವಿನ ತೂಕ, ಕೊಟ್ಟ ಔಷಧದ ಪ್ರಮಾಣ, ಆಂಬುಲೆನ್ಸ್ ಹೊರಟ ಸಮಯ ಕಾಣತೊಡಗಬೇಕು.